ಅರವತ್ತೈದು ದಾಟಿದವರು ಕಾಗದ ತೋರಿಸಬೇಕು

ಕಶ್ಕಾ-ಬೆಲ್‌ನ ಗುಡ್ಡದಲ್ಲಿ ಸ್ಕೀ ಆಡುವವರನ್ನು ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟು ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ಸಾಲ್ಕಿನ್ ಎಜೆ ಎಂಟೂವರೆಗೆಲ್ಲ ಗೇಟಿನ ಮುಂದೆ ಹಾಜರು. ಹೆಗಲ ಮೇಲೆ ಸ್ಕೀ, ತಲೆಗೆ ಬೂದು ಬಣ್ಣದ ಉಣ್ಣೆ ಶಾಲು, ಅದರ ಮೇಲೆ ತೀರಿಹೋದ ಗಂಡನ ಮೋಟಾರ್‌ಸೈಕಲ್ ಕನ್ನಡಕ. ವಯಸ್ಸು ಅರವತ್ತೆಂಟು. ಊರಿನ ಅರ್ಧ ಜನ ಅವರನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಾರೆ. ಇನ್ನರ್ಧ ಜನ ಕರೆಯುವ ಮೊದಲೇ ಅವರು ಗದರಿಬಿಟ್ಟಿರುತ್ತಾರೆ.

ನಾನು ಡೂಲೊತ್, ಅವರ ಪಕ್ಕದ ಮನೆಯವನು. ಇಪ್ಪತ್ತೊಂಬತ್ತು ವರ್ಷ ನಮ್ಮ ಕಡೆಯ ಸರೋವರದ ಸುತ್ತ ಬಸ್ಸು ಓಡಿಸಿ ನಿವೃತ್ತನಾದವನು. ಅವರಿಗಿಂತ ಆರು ವರ್ಷ ಚಿಕ್ಕವನು. ಶಾಲೆ ಬಿಟ್ಟ ಮೇಲೆ ನಾನು ಸ್ಕೀ ಮುಟ್ಟಿಯೇ ಇರಲಿಲ್ಲ. ಹೆಂಡತಿ ಸತ್ತ ವರ್ಷ ಮೂರು ತಿಂಗಳು ಟೀವಿ ಮುಂದೆ ಕೂತೇ ಕಳೆದೆ. ಅದನ್ನು ಬೇಲಿಯಾಚೆಯಿಂದ ನೋಡಿ ನೋಡಿ ಸಾಕಾಗಿ ಎಜೆ ಒಂದು ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಒಳಗೇ ಬಂದರು.

“ಏಳು ಮೇಲಕ್ಕೆ. ನಿನ್ನ ಬೆನ್ನು ಸೋಫಾದ ಆಕಾರಕ್ಕೆ ಬಂದುಬಿಟ್ಟಿದೆ.”

ಅಂದಿನಿಂದ ಏಳು ಚಳಿಗಾಲ ನಾವಿಬ್ಬರೂ ಜೊತೆಯಾಗಿಯೇ ಗುಡ್ಡ ಹತ್ತಿದ್ದೇವೆ, ಜಾರಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದು ಅವರ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತ, ಬೊರ್ಸೊಕ್ ಎಂಬ ಕರಿದ ರೊಟ್ಟಿ ಮುರಿದು ಜಾಮಿಗೆ ಅದ್ದುತ್ತ, ಆ ದಿನದ ಹಿಮ ಹೇಗಿತ್ತು ಎಂದು ಜಗಳವಾಡಿದ್ದೇವೆ.

ಎಜೆ ಮೂವತ್ತೆಂಟು ವರ್ಷ ನಮ್ಮೂರಿನ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನರ್ಸಾಗಿದ್ದವರು. ಮೇಲಿನ ಹಳ್ಳಿಗಳಿಗೆ ದಾರಿ ಮುಚ್ಚಿದಾಗ ಬೆನ್ನಿಗೆ ಚೀಲ ಬಿಗಿದುಕೊಂಡು ಸ್ಕೀ ಮೇಲೆ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದರು. ಆಗಿನ ಸ್ಕೀ ಅವರಿಗೆ ಆಟವಲ್ಲ, ಕಾಲಿನ ಹಾಗೆ. ನಿವೃತ್ತಿಯಾದ ದಿನ ಆಸ್ಪತ್ರೆಯವರು ಒಂದು ಗಡಿಯಾರ ಕೊಟ್ಟರು. “ಟೈಮು ನೋಡೋ ಕೆಲಸಾನೇ ಕಿತ್ಕೊಂಡು ಗಡಿಯಾರ ಕೊಟ್ರು,” ಎಂದು ಅದನ್ನು ಪೆಟ್ಟಿಗೆಗೆ ಹಾಕಿ, ಮಾರನೆಯ ದಿನವೇ ಗುಡ್ಡಕ್ಕೆ ಹೋದರು.

ಕಳೆದ ವರ್ಷ ಗುಡ್ಡ ಹೊಸ ಮಾಲೀಕರ ಕೈಗೆ ಹೋಯಿತು. ಅವರು ರಾಜಧಾನಿಯವರು. ಜನವರಿ ಮೊದಲ ವಾರ ನಾವು ಗೇಟಿನ ಹತ್ತಿರ ಹೋದಾಗ ಅಲ್ಲೊಂದು ಹೊಸ ಫಲಕ ನೇತಾಡುತ್ತಿತ್ತು. ಎಜೆ ಗೇಟಿನ ಯಂತ್ರಕ್ಕೆ ಕಾರ್ಡು ಒತ್ತಿದರು. ಕೆಂಪು ದೀಪ ಹತ್ತಿತು. ಮತ್ತೆ ಒತ್ತಿದರು. ಮತ್ತೆ ಕೆಂಪು.

“ಮಕ್ಸಾತ್! ನಿನ್ನ ಯಂತ್ರ ಕೆಟ್ಟಿದೆ, ಬಾ ಇಲ್ಲಿ.”

ಗೇಟಿನ ಮೇಲ್ವಿಚಾರಕ ಮಕ್ಸಾತ್ ಗಾಜಿನ ಗೂಡಿನಿಂದ ಹೊರಗೆ ಬಂದ. ನಲವತ್ತರ ಆಸುಪಾಸಿನ ದಪ್ಪ ಮನುಷ್ಯ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಟೋಪಿ ತೆಗೆದದ್ದು ನೋಡಿಯೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

“ಕೆಟ್ಟಿಲ್ಲ ಎಜೆ. ಹೊಸ ನಿಯಮ ಬಂದಿದೆ. ಅರವತ್ತೈದು ದಾಟಿದೋರು ಸ್ಕೀ ಆಡೋಕೆ ಯೋಗ್ಯರು ಅಂತ ಡಾಕ್ಟ್ರ ಹತ್ರ ಕಾಗದ ತರಬೇಕಂತೆ. ತಿಂಗಳಿಗೊಂದು.”

“ನಾನು ಯೋಗ್ಯಳು ಹೌದೋ ಅಲ್ವೋ ಅಂತ ನಿನಗೆ ಗೊತ್ತಿಲ್ವೇನೋ?”

“ನನಗೆ ಗೊತ್ತು. ಈ ಪೆಟ್ಟಿಗೆಗೆ ಗೊತ್ತಿಲ್ವಲ್ಲ.”

“ಕಾಲು ಮುಂದಾಗಿ ಹುಟ್ಟಿದೋನು ನೀನು. ನಿನ್ನಮ್ಮ ಕಿರುಚ್ತಾ ಇದ್ಲು, ನಾನು ನಿನ್ನ ಕಾಲು ಹಿಡಿದು ಹೊರಗೆ ತಂದೆ. ಅವತ್ತು ನಾನು ಯಾರ ಹತ್ರಾನಾದ್ರೂ ಕಾಗದ ಕೇಳಿದ್ನಾ?”

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಮಕ್ಸಾತನ ಕಿವಿ ಕೆಂಪಾಯಿತು. ಆದರೆ ಗೇಟು ತೆರೆಯಲಿಲ್ಲ.

ನನ್ನ ಕಾರ್ಡಿಗೆ ಹಸಿರು ದೀಪ ಬರುತ್ತಿತ್ತು. ನಾನು ಒತ್ತಲಿಲ್ಲ. ಸ್ಕೀ ಹೊತ್ತುಕೊಂಡು ಅವರ ಹಿಂದೆಯೇ ಇಳಿದೆ. ಎಜೆ ಸರಸರ ನಡೆದರು. ಬ್ರೆಡ್ಡಿನ ಅಂಗಡಿಯ ತಿರುವಿನಲ್ಲಿ ತಟ್ಟನೆ ನಿಂತು ನನ್ನ ಕಡೆ ತಿರುಗಿದರು.

“ನೀನ್ಯಾಕೆ ಬಂದೆ? ನಿನ್ನ ಕಾಲಿಗೇನಾಗಿತ್ತು?”

“ಒಬ್ಬನೇ ಬೇಜಾರು, ಎಜೆ.”

“ನನಗೆ ಕನಿಕರ ತೋರಿಸೋಕೆ ಬರಬೇಡ. ಕನಿಕರ ನನಗೆ ಆಗಿಬರಲ್ಲ.”

ಮಾರನೆಯ ದಿನ ಅವರು ಆಸ್ಪತ್ರೆಗೆ ಹೋದರು. ತಾವೇ ದುಡಿದ ಕಟ್ಟಡ. ಚೀಟಿ ಬರೆಯುವ ಕಿಟಕಿಯಲ್ಲಿ ಹೊಸ ಹುಡುಗಿ ಕೂತಿದ್ದಳು. ಅಲ್ಲಿ ನಡೆದದ್ದನ್ನು ಎಜೆ ಆ ಮಧ್ಯಾಹ್ನ ಚಹಾದ ಬಟ್ಟಲು ಮೇಜಿಗೆ ಕುಕ್ಕಿ ಕುಕ್ಕಿ ನನಗೆ ಹೇಳಿದರು.

“ಯಾವ ಕಾಯಿಲೆ ಅಂತ ಕೇಳಿದ್ಲು. ಯಾವ ಕಾಯಿಲೆನೂ ಇಲ್ಲ, ಇಲ್ಲ ಅಂತ ಬರೆಸ್ಕೊಳ್ಳೋಕೇ ಬಂದಿದೀನಿ ಅಂದೆ. ಕಾಯಿಲೆ ಇಲ್ದೆ ಚೀಟಿ ಬರೆಯೋಕಾಗಲ್ಲ ಅಂದ್ಲು. ಹಾಗಾದ್ರೆ ವಯಸ್ಸು ಅಂತ ಬರ್ಕೊ ಅಂದೆ. ಕಂಪ್ಯೂಟರ್ ನೋಡಿ, ವಯಸ್ಸು ಅನ್ನೋದು ಪಟ್ಟೀಲಿ ಇಲ್ಲ ಅಜ್ಜಿ ಅಂತಾಳೆ. ಅಜ್ಜಿ!”

“ಆಮೇಲೆ?”

“ಆಮೇಲೇನು, ಮಂಡಿನೋವು ಅಂತ ಸುಳ್ಳು ಬರೆಸಿ ಒಳಗೆ ಹೋದೆ. ನಾನು ಚೆನ್ನಾಗಿದೀನಿ ಅಂತ ಸಾಬೀತು ಮಾಡೋಕೆ ಮೊದ್ಲು ಕಾಯಿಲೆಯವಳಾಗಬೇಕು, ಗೊತ್ತಾಯ್ತಾ?”

ಒಳಗಿದ್ದ ಡಾಕ್ಟರ್ ಜಾಂಗಿಲ್ ಒಳ್ಳೆಯವಳು. ವಿದ್ಯಾರ್ಥಿನಿಯಾಗಿದ್ದಾಗ ಎಜೆಯ ಕೈಕೆಳಗೆ ತರಬೇತಿಗೆ ಬಂದು, ಮೊದಲ ಹೆರಿಗೆ ನೋಡಿ ತಲೆಸುತ್ತಿ ಬಿದ್ದವಳು. ಆದರೂ ಅವಳಿಗೂ ಒಂದೇ ಸಹಿಯಿಂದ ಕಾಗದ ಕೊಡಲು ಆಗುತ್ತಿರಲಿಲ್ಲ. ಹೃದಯದ ಡಾಕ್ಟರು ನೋಡಬೇಕು. ಅವರು ಜಿಲ್ಲಾ ಪಟ್ಟಣದಿಂದ ಗುರುವಾರ ಮಾತ್ರ ಬರುತ್ತಾರೆ. ಗುರುವಾರ ಎಜೆ ಹೋದರು. ಹೃದಯದ ಬಡಿತ ಬರೆಯುವ ಯಂತ್ರವಿತ್ತು, ಅದಕ್ಕೆ ಹಾಕುವ ಕಾಗದ ಮುಗಿದಿತ್ತು. ಮುಂದಿನ ಗುರುವಾರ ಹೋದರು. ಕಾಗದ ಬಂದಿತ್ತು, ಕಣಿವೆಯ ದಾರಿಯಲ್ಲಿ ಹಿಮ ಬಿದ್ದು ಡಾಕ್ಟರು ಬಂದಿರಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಕಾಟ ಶುರುವಾಗಿತ್ತು. ಅದು ಪ್ರೀತಿಯ ಕಾಟ, ಹಾಗಾಗಿ ಬೈಯಲೂ ಆಗದು. ಸೊಸೆ ಚೋಲ್ಪೋನ್‌ಗೆ ಅತ್ತೆ ಮನೆಯಲ್ಲಿ ಉಳಿದದ್ದು ಬಹಳ ಸಂತೋಷ. ಅತ್ತೆ ಗುಡ್ಡದಿಂದ ಬರುವುದು ಹತ್ತು ನಿಮಿಷ ತಡವಾದರೆ ಹೆದರಿ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದವಳು ಅವಳು.

“ಅಮ್ಮ, ಜನ್ಮವಿಡೀ ಓಡಾಡಿದ್ದೀರಿ. ಇನ್ನಾದ್ರೂ ಬೆಚ್ಚಗೆ ಕೂತ್ಕೊಳ್ಳಿ,” ಎಂದು ಒಲೆಯ ಪಕ್ಕಕ್ಕೆ ಕುರ್ಚಿ ಎಳೆದು, ಬೆನ್ನಿಗೆ ದಿಂಬು ಕೊಡುತ್ತಿದ್ದಳು.

ಅದೇ ಹೊತ್ತಿಗೆ ನಾನು ಒಳಗೆ ಹೋದರೆ ಎಜೆ ನನ್ನತ್ತ ನೋಡುವ ನೋಟ, ಬೋನಿನೊಳಗಿನ ತೋಳ ಹೊರಗಿನವನನ್ನು ನೋಡುವ ಹಾಗೆ. ಮೂರು ದಿನದಲ್ಲಿ ಅವರು ಉಗ್ರಾಣದ ಡಬ್ಬಿಗಳನ್ನೆಲ್ಲ ಇಳಿಸಿ, ತೊಳೆದು, ಬೇರೆ ಜಾಗದಲ್ಲಿಟ್ಟರು. ಚೋಲ್ಪೋನ್‌ಗೆ ಉಪ್ಪು ಸಿಗಲಿಲ್ಲ. ನಾಲ್ಕನೆಯ ದಿನ ಸಲಿಕೆ ತೆಗೆದುಕೊಂಡು ಮನೆಯ ಮಾಡು ಹತ್ತಿ ಹಿಮ ತಳ್ಳಿದರು. ಆಮೇಲೆ ನನ್ನ ಮಾಡು. ಆಮೇಲೆ ಎದುರುಮನೆ ಮುದುಕರದ್ದು.

“ನೋಡು,” ಎಂದು ಮೇಲಿನಿಂದಲೇ ಕೂಗಿದರು, “ಮಾಡು ಹತ್ತೋಕೆ ಯಾವನೂ ಕಾಗದ ಕೇಳಲ್ಲ! ಬಿದ್ದು ಸಾಯೋಕೆ ಅಡ್ಡಿಯಿಲ್ಲ, ಬಿಟ್ಟಿ ಕೆಲಸ ಮಾಡ್ತಾ ಸಾಯಬೇಕು ಅಷ್ಟೆ.”

ಈಗ ನನ್ನ ತಪ್ಪು ಹೇಳಬೇಕು. ಡಾಕ್ಟರ ದಾರಿಗೆ ಅಡ್ಡವಾದ ಆ ಹಿಮ ಎರಡು ದಿನ ಬಿಡದೆ ಸುರಿಯಿತು. ಮೂರನೆಯ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಂತು. ಅಂಥ ಬೆಳಿಗ್ಗೆ ಚಳಿಗಾಲಕ್ಕೆ ನಾಲ್ಕೈದು ಸಿಕ್ಕರೆ ಹೆಚ್ಚು. ನಾನು ತಡೆದುಕೊಳ್ಳಲಾರದೆ ಹೋದೆ. ಮುಂಬಾಗಿಲಿನಿಂದ ಹೋದರೆ ಎಜೆ ನೋಡುತ್ತಾರೆಂದು, ಸ್ಕೀಗೆ ಗೋಣಿಚೀಲ ಸುತ್ತಿ, ಹಿತ್ತಲ ಓಣಿಯಿಂದ ನುಸುಳಿದೆ. ಅರವತ್ತೆರಡು ವರ್ಷದವನು ನಾನು.

ಮೇಲೆ ಹಿಮ ಮೊಣಕಾಲಿನವರೆಗಿತ್ತು. ಹಿಟ್ಟಿನ ಹಾಗೆ ಹಗುರ. ನಾಲ್ಕು ಸಲ ಹತ್ತಿ ಇಳಿದೆ. ಪ್ರತಿ ಸಲವೂ ಕೆಳಗೆ ನಿಂತು ಹಿಂದಕ್ಕೆ ತಿರುಗುತ್ತಿದ್ದೆ, “ಕುಂಡೆ ಹಿಂದಕ್ಕೆ ಹೋಗ್ತಿದೆ ಕಣೋ” ಎಂದು ಬೈಯುವವರಿಗಾಗಿ. ಬೈಯುವವರಿಲ್ಲದೆ ಖುಷಿ ಅರ್ಧವೇ ಆಯಿತು. ಹಾಗೆಂದು ಐದನೆಯ ಸಲ ಹೋಗದೆ ಇರಲೂ ಇಲ್ಲ.

ಹಿಂದಕ್ಕೆ ಬರುವಾಗ ಓಣಿಯಲ್ಲಿ ಯಾರೂ ಕಾಣಲಿಲ್ಲ. ಹಿತ್ತಲ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ, ನನ್ನ ಕೊಟ್ಟಿಗೆಯ ಮಾಡಿನ ಮೇಲೆ ಸಲಿಕೆ ಊರಿಕೊಂಡು ಎಜೆ ನಿಂತಿದ್ದರು.

“ಹಿಮ ಹೇಗಿತ್ತು?”

“ಚೆನ್ನಾಗಿತ್ತು, ಎಜೆ.”

“ಚೆನ್ನಾಗಿತ್ತು! ಎರಡು ದಿನ ಸುರಿದ ಹಿಮಕ್ಕೆ ಒಂದೇ ಮಾತಾ? ಸರಿಯಾಗಿ ಹೇಳು. ಮೇಲಿನ ತಿರುವಲ್ಲಿ ಗಾಳಿ ಹೊತ್ಕೊಂಡು ಹೋಗಿತ್ತಾ, ಇತ್ತಾ? ಮರಗಳ ಮಧ್ಯೆ ಎಷ್ಟಿತ್ತು?”

ಹೇಳಿದೆ. ತಪ್ಪೊಪ್ಪಿಗೆ ಕೊಡುವವನ ಹಾಗೆ ತಲೆ ತಗ್ಗಿಸಿಕೊಂಡು, ಒಂದೊಂದು ಇಳಿಜಾರನ್ನೂ ವಿವರವಾಗಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ ಒಂದು ಸಲಿಕೆ ಹಿಮವನ್ನು ತೂಗಿ ನೋಡಿ ನನ್ನ ತಲೆಯ ಮೇಲೆ ಸುರಿದರು.

“ನಾಳೆಯಿಂದ ಮುಂಬಾಗಿಲಿಂದ ಹೋಗು. ಪಕ್ಕದ ಮನೇಲಿ ಕಳ್ಳನನ್ನ ಇಟ್ಕೊಂಡಿದ್ದೀನಿ ಅಂತ ನನಗೆ ಕೆಟ್ಟ ಹೆಸರು.”

ನಕ್ಕರು. ಆದರೆ ಮೂರು ದಿನ ಚಹಾಕ್ಕೆ ಕರೆಯಲಿಲ್ಲ.

ಮೂರನೆಯ ಗುರುವಾರ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಹೃದಯದ ಡಾಕ್ಟರು ಬಂದಿದ್ದರು, ಯಂತ್ರಕ್ಕೆ ಕಾಗದವಿತ್ತು, ಕರೆಂಟೂ ಇತ್ತು. ಎಜೆಯ ಹೃದಯ ನೋಡಿ ಅವರು, ಇದನ್ನು ಬೇರೆ ಯಾರಿಗಾದರೂ ಹಾಕಿದರೆ ಇನ್ನೂ ಮೂವತ್ತು ವರ್ಷ ಓಡುತ್ತದೆ ಎಂದರಂತೆ. ಮಂಡಿಯೂ ಸರಿಯಿತ್ತು. ಜಾಂಗಿಲ್ ಕಾಗದ ತೆಗೆದು ಹೆಸರು ಬರೆದಳು. ನನ್ನನ್ನೂ ಒಳಗೇ ಕೂರಿಸಿಕೊಂಡಿದ್ದರು.

“ಇನ್ನು ಕಣ್ಣೊಂದು ಬಾಕಿ, ಎಜೆ. ಸುಮ್ನೆ ಶಾಸ್ತ್ರಕ್ಕೆ. ಎಡಗಣ್ಣು ಮುಚ್ಕೊಂಡು ಓದಿ.”

ಗೋಡೆಯ ಮೇಲಿನ ಅಕ್ಷರಗಳನ್ನು ಎಜೆ ಕೆಳಗಿನ ಸಾಲಿನವರೆಗೂ ಸರಸರ ಓದಿದರು.

“ಈಗ ಬಲಗಣ್ಣು ಮುಚ್ಕೊಳ್ಳಿ.”

ಇನ್ನೂ ವೇಗವಾಗಿ ಓದಿದರು. ಅಷ್ಟು ವೇಗ ಜಾಂಗಿಲ್‌ಗೆ ಅನುಮಾನ ತಂದಿತೇನೋ. ಎದ್ದು ಹೋಗಿ ಆ ಹಾಳೆಯನ್ನು ಸರಿಸಿದಳು. ಹಿಂದೆ ಬೇರೆ ಹಾಳೆ ಇತ್ತು.

“ಇದನ್ನ ಓದಿ.”

ಎಜೆ ಓದಲಿಲ್ಲ. ಕತ್ತು ಮುಂದೆ ಚಾಚಿ ನೋಡಿದರು.

“ಮೂವತ್ತೆಂಟು ವರ್ಷ ಅದೇ ಹಾಳೆ ಇತ್ತು ಇಲ್ಲಿ,” ಎಂದರು ಕೊನೆಗೆ. “ಇದನ್ನ ಯಾವಾಗ ತಂದ್ರಿ?”

“ಎಜೆ, ಮೇಲಿನ ದೊಡ್ಡ ಅಕ್ಷರ ಆದ್ರೂ ಕಾಣ್ತಿದೆಯಾ?”

“ಅಲ್ಲೊಂದು ಅಕ್ಷರ ಇದೆ ಅನ್ನೋದು ಕಾಣ್ತಿದೆ.”

ಜಾಂಗಿಲ್ ದೀಪ ಹಿಡಿದು ಎರಡೂ ಕಣ್ಣು ನೋಡಿದಳು. ಎಡಗಣ್ಣಲ್ಲಿ ಪೊರೆ ಬಲಿತಿತ್ತು. ಬಲಗಣ್ಣಲ್ಲೂ ಶುರುವಾಗಿತ್ತು.

“ಎಷ್ಟು ದಿನದಿಂದ ಹೀಗಿದೆ?”

“ನಿನ್ನೆಯಿಂದ.”

“ಎಜೆ.”

“ಹೋದ ಚಳಿಗಾಲದಿಂದ.”

ಜಾಂಗಿಲ್ ಬರೆದಿದ್ದ ಕಾಗದವನ್ನು ಹರಿಯಲಿಲ್ಲ. ಮಡಚಿ ಮೇಜಿನ ಒಳಗಿಟ್ಟಳು. ಕಣ್ಣು ಸರಿಮಾಡಿಸಿಕೊಂಡು ಬನ್ನಿ, ಅವತ್ತೇ ಸಹಿ ಹಾಕುತ್ತೇನೆ ಎಂದಳು. ಶಸ್ತ್ರಚಿಕಿತ್ಸೆ ರಾಜಧಾನಿ ಬಿಷ್ಕೆಕ್‌ನಲ್ಲಿ. ಸರದಿ ಬರುವುದು ಮೇ ತಿಂಗಳಿಗೆ. ಮೇ ತಿಂಗಳಲ್ಲಿ ನಮ್ಮ ಗುಡ್ಡದ ಮೇಲೆ ದನ ಮೇಯುತ್ತಿರುತ್ತವೆ.

ಕಾರಿನಲ್ಲಿ ಎಜೆ ಎದುರಿಗೆ ಬಂದ ಪ್ರತಿ ಗಾಡಿಯನ್ನೂ ಬೈದರು. ಒಂದು ಕುದುರೆಯನ್ನೂ ಬೈದರು. ನನಗೆ ಮಾತ್ರ ಒಂದು ವಿಷಯ ತಲೆಯಲ್ಲಿ ಸುತ್ತುತ್ತಿತ್ತು. ಹೋದ ಚಳಿಗಾಲದಿಂದ ಅವರು ನನ್ನನ್ನೇ ಮುಂದೆ ಬಿಡುತ್ತಿದ್ದರು. ‘ನೀನು ಮುಂದೆ ಹೋಗು, ಬಿದ್ರೆ ಎತ್ತೋಕೆ ಹಿಂದೆ ಯಾರಾದ್ರೂ ಬೇಕಲ್ಲ’ ಎನ್ನುತ್ತಿದ್ದರು. ನನ್ನ ಹಳೇ ಕೆಂಪು ಜಾಕೀಟು ಹರಿದಿದೆ, ಒಂದು ನೀಲಿಯದು ತರುತ್ತೇನೆ ಎಂದಾಗ, ತಾವೇ ಕೂತು ಅದಕ್ಕೆ ತೇಪೆ ಹಾಕಿಕೊಟ್ಟಿದ್ದರು.

“ಎಜೆ, ನನ್ನ ಜಾಕೀಟು...” ಎಂದೆ.

“ಹೂಂ. ಅದೇ,” ಎಂದರು, ಕಿಟಕಿಯ ಹೊರಗೆ ನೋಡುತ್ತ. “ಮೋಡ ಕವಿದ ದಿನ ನನಗೆ ಉಬ್ಬು ಯಾವುದು ತಗ್ಗು ಯಾವುದು ಗೊತ್ತಾಗ್ತಿರ್ಲಿಲ್ಲ. ಎಲ್ಲಾ ಹಾಲು ಚೆಲ್ಲಿದ ಹಾಗೆ. ಕೆಂಪು ಮೇಲೆದ್ರೆ ಉಬ್ಬು, ಕೆಂಪು ಇಳಿದ್ರೆ ತಗ್ಗು.”

ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಆ ತಿಂಗಳಲ್ಲಿ ಮೊದಲ ಸಲ ಸಿಟ್ಟು ನನಗೆ ಬಂದಿತ್ತು. “ಅಲ್ಲ, ನಾನು ದಾರಿ ತಪ್ಪಿ ಕಮರಿಗೆ ಬಿದ್ದಿದ್ರೆ?”

“ಹಿಂದೇನೇ ಬರ್ತಿದ್ದೆ.”

“ತಮಾಷೆ ಅಲ್ಲ ಎಜೆ!”

“ತಮಾಷೆ ಅಂತ ಯಾರು ಹೇಳಿದ್ರು?” ಅವರು ಕಿಟಕಿಯಿಂದ ನನ್ನತ್ತ ತಿರುಗಿದರು. “ಆ ಫಲಕ ಬರೆದೋನು ನನ್ನ ಕಣ್ಣು ನೋಡಿ ಬರೆದಿದ್ರೆ ನಾನು ಸುಮ್ನಿರ್ತಿದ್ದೆ ಕಣೋ. ಅವನು ನಾನು ಹುಟ್ಟಿದ ವರ್ಷ ನೋಡಿ ಬರೆದ. ನನ್ನನ್ನ ನೋಡಲೇ ಇಲ್ಲ. ನೋಡದೇನೇ ಹೇಳಿದ್ದು ಸರಿಯಾಗಿ ಹೋಯ್ತಲ್ಲ, ಅದು ನನಗೆ ತಡೆಯೋಕಾಗ್ತಿಲ್ಲ. ಈಗ ಯಾವ ಮುಖ ಇಟ್ಕೊಂಡು ಅವನನ್ನ ಬೈಲಿ?”

ಗಾಜಿನ ಮೇಲೆ ಹಿಮ ಬೀಳುತ್ತಿತ್ತು. ಅವರೇ, “ನಡಿ, ಚೋಲ್ಪೋನ್ ನೂಡಲ್ ಮಾಡಿರ್ತಾಳೆ. ತಣ್ಣಗಾದ್ರೆ ಅದಕ್ಕೂ ಅತ್ತುಬಿಡ್ತಾಳೆ,” ಎಂದರು.

ಆ ಚಳಿಗಾಲ ಹಾಗೇ ಹೋಯಿತು. ಪೊರೆಯ ಸುದ್ದಿ ಮನೆಯವರಿಗೆ ಬಿಟ್ಟರೆ ಹೊರಗೆ ಯಾರಿಗೂ ತಿಳಿಯಲಿಲ್ಲ. ಊರವರೆಲ್ಲ ಹೊಸ ಮಾಲೀಕರನ್ನು ಬೈದರು. ಎಜೆ ಅದನ್ನು ತಿದ್ದಲೂ ಇಲ್ಲ, ಬೈಗುಳಕ್ಕೆ ದನಿಗೂಡಿಸಲೂ ಇಲ್ಲ. ಮಾಡು ಹತ್ತುವುದನ್ನು ತಾವಾಗಿಯೇ ಬಿಟ್ಟರು. ದಿನಾ ಬೆಳಿಗ್ಗೆ ನದಿಯವರೆಗೆ ನಡೆದು ಬರುತ್ತಿದ್ದರು, ಬೀದಿಯಲ್ಲಿ ಯಾರಾದರೂ ‘ಪಾಪ’ ಎಂದರೆ, ಹಾಗೆಂದವರು ಹುಟ್ಟಿದ ದಿನದ ಕತೆ ತೆಗೆದು ಬಾಯಿ ಮುಚ್ಚಿಸುತ್ತಿದ್ದರು. ನಾನು ಮುಂಬಾಗಿಲಿನಿಂದಲೇ ಗುಡ್ಡಕ್ಕೆ ಹೋಗಿ, ಬಂದು, ಹಿಮದ ವರದಿ ಒಪ್ಪಿಸುತ್ತಿದ್ದೆ. ಒಂದೊಂದು ದಿನ ಕೇಳುತ್ತಿದ್ದರು. ಒಂದೊಂದು ದಿನ ನಡುವೆಯೇ “ಸಾಕು, ಬಾಯಿ ಮುಚ್ಚು” ಎಂದು ಒಳಗೆ ಹೋಗುತ್ತಿದ್ದರು.

ಮೇ ತಿಂಗಳಲ್ಲಿ ಬಿಷ್ಕೆಕ್‌ಗೆ ನಾನೇ ಕಾರು ಓಡಿಸಿದೆ. ಚೋಲ್ಪೋನ್ ಜೊತೆಗಿದ್ದಳು. ಮೊದಲು ಎಡಗಣ್ಣು, ಬೇಸಿಗೆಯ ಕೊನೆಗೆ ಬಲಗಣ್ಣು. ಎಡಗಣ್ಣಿನ ಪಟ್ಟಿ ಬಿಚ್ಚಿದಾಗ ಎಜೆ ಮೊದಲು ನೋಡಿದ್ದು ಸೊಸೆಯನ್ನು. ಬಹಳ ಹೊತ್ತು ನೋಡಿದರು.

“ನಿನಗೆ ಕೂದಲು ಯಾವಾಗ ನೆರೀತೇ?”

“ಎರಡು ವರ್ಷ ಆಯ್ತಮ್ಮ.”

“ನನಗೆ ಯಾಕೆ ಹೇಳ್ಲಿಲ್ಲ?”

“ಕೂದಲು ನೆರೆಯೋದನ್ನ ಹೇಳ್ತಾರಾ ಅಮ್ಮ?” ಎಂದು ಚೋಲ್ಪೋನ್ ನಕ್ಕಳು. ನಗುತ್ತಿದ್ದವಳಿಗೆ ಅಳು ಬಂತು. ಎಜೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ನನ್ನತ್ತ ತಿರುಗಿ, “ನಿನ್ನನ್ನಂತೂ ನೋಡೋ ಹಾಗೇ ಇಲ್ಲ. ಇಷ್ಟು ಮುದುಕನ ಹಿಂದೆ ನಾನು ಬರ್ತಿದ್ನಾ?” ಎಂದರು.

ಡಿಸೆಂಬರಿನಲ್ಲಿ ಜಾಂಗಿಲ್ ಹೊಸ ಹಾಳೆ ತೋರಿಸಿದಳು, ಎಜೆ ಎರಡೂ ಕಣ್ಣಲ್ಲಿ ಓದಿದರು, ಸಹಿ ಬಿತ್ತು. ಗೇಟಿನಲ್ಲಿ ಮಕ್ಸಾತ್ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಯಂತ್ರಕ್ಕೆ ಏನೋ ಒತ್ತಿದ. ಹಸಿರು ದೀಪ ಬಂತು. ಸಾಲಿನಲ್ಲಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. “ಸರ್ಕಸ್ಸಾ ಇದು?” ಎಂದು ಎಜೆ ಅವರನ್ನೂ ಗದರಿ ಲಿಫ್ಟಿನ ಕುರ್ಚಿ ಹತ್ತಿದರು.

ಅಂದು ಮೋಡ ಕವಿದಿತ್ತು. ಮೇಲೆ ಇಳಿದು ನಿಂತಾಗ ನಾನು ಅಭ್ಯಾಸದಂತೆ ಮುಂದೆ ಹೊರಟೆ. “ನಿಲ್ಲು. ಇವತ್ತು ನಾನು,” ಎಂದರು. ಅಂಚಿಗೆ ಬಂದು ಕೆಳಗೆ ನೋಡಿದರು. ನೋಡುತ್ತಲೇ ನಿಂತರು. ಜನ ನಮ್ಮನ್ನು ಬಳಸಿಕೊಂಡು ಹೋದರು.

“ಡೂಲೊತ್, ಇದು ಇಷ್ಟು ಕಡಿದಾಗಿತ್ತಾ?”

“ಯಾವಾಗ್ಲೂ ಇಷ್ಟೇ, ಎಜೆ.”

“ಆ ಉಬ್ಬುಗಳು?”

“ಅವೂ ಇದ್ದವು.”

“ಥೂ! ಕಾಣದೇ ಇದ್ದಾಗಲೇ ಚೆನ್ನಾಗಿತ್ತು.”

ಹೊರಟರು. ಏಳು ವರ್ಷದಲ್ಲಿ ನಾನು ನೋಡಿರದ ಎಜೆ. ಕಾಲು ಬಿಗಿಯಾಗಿತ್ತು, ಒಂದೊಂದು ಉಬ್ಬನ್ನೂ ಮೊದಲೇ ನೋಡಿ ಮೊದಲೇ ಹೆದರುತ್ತಿದ್ದರು. ಮೂರನೆಯ ತಿರುವಿನಲ್ಲಿ ಬಿದ್ದರು. ಎದ್ದರು. ಐದನೆಯದರಲ್ಲಿ ಮತ್ತೆ ಬಿದ್ದರು. ನಾನು ಕೈ ಚಾಚಿದೆ. ನನ್ನ ಕೈಯನ್ನು ಕೋಲಿನಿಂದ ತಳ್ಳಿ, ಹಿಮದಲ್ಲೇ ಕೂತು, ಕಣ್ಣು ಸರಿಮಾಡಿದ ಡಾಕ್ಟರನ್ನು, ಹೊಸ ಮಾಲೀಕರನ್ನು, ಮಕ್ಸಾತನನ್ನು, ಗುಡ್ಡವನ್ನು, ಕೊನೆಗೆ ತಮ್ಮ ಸ್ವಂತ ಕಾಲನ್ನು ಸಾಲಾಗಿ ಬೈದರು. ಒಂದು ವರ್ಷದಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ನಾನು ಪಕ್ಕದಲ್ಲಿ ಕೂತೆ. ಕೆಳಗೆ ತಲುಪಲು ನಮಗೆ ಒಂದು ಗಂಟೆ ಹಿಡಿಯಿತು.

ಮನೆಗೆ ಹೋಗೋಣವೇ ಎಂದು ಕೇಳಿದೆ. ಅವರು ಮತ್ತೆ ಸಾಲಿನಲ್ಲಿ ನಿಂತರು. ಎರಡನೆಯ ಸಲ ಒಂದೇ ಬಾರಿ ಬಿದ್ದರು.

ಆ ತಿಂಗಳು ಮುಗಿಯುವ ಹೊತ್ತಿಗೆ ನಡುವಿನ ಇಳಿಜಾರು ಅವರ ಹಿಡಿತಕ್ಕೆ ಬಂದಿತ್ತು. ಮೇಲಿನದು ಇನ್ನೂ ಬಂದಿರಲಿಲ್ಲ. ಬಂದೇ ಬರುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಕಾಗದದ ಅವಧಿ ಮುಗಿಯಿತು. ಹೊಸದು ಬೇಕೆಂದರೆ ಮತ್ತೆ ಗುರುವಾರ, ಮತ್ತೆ ಅದೇ ಕಿಟಕಿ. ಬುಧವಾರ ಇಡೀ ದಿನ ಹಿಮ ಸುರಿದು ಗುರುವಾರ ಬಿಸಿಲು ಬಂದಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ನಮ್ಮ ಮುಂದೆ ಹನ್ನೊಂದು ಜನ ಕೂತಿದ್ದರು. ಕಿಟಕಿಯಾಚೆ ಗುಡ್ಡ ಬೆಳ್ಳಗೆ ಹೊಳೆಯುತ್ತಿತ್ತು. ಎಜೆ ಸ್ಕೀ ಬೂಟು ಹಾಕಿಕೊಂಡೇ ಬಂದಿದ್ದರು.

“ಹೆಸರು?” ಎಂದಳು ಕಿಟಕಿಯ ಹುಡುಗಿ.

“ನಿನಗೆ ಗೊತ್ತು.”

“ಯಾವ ಕಾಯಿಲೆ?”

“ಸಿಟ್ಟು ಅಂತ ಬರ್ಕೊ,” ಎಂದರು ಎಜೆ. “ಪಟ್ಟೀಲಿ ಇಲ್ದಿದ್ರೆ ಸೇರಿಸು. ನಾನು ಕಾಯ್ತೀನಿ.”